ತೊಟ್ಟಿನ ಮೊಸರು ಮತ್ತು ಒಂದು ಅರ್ಧ ತಾಸು

ಏಲಕ್ಕಿ ಹಾರ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಾವೇರಿಯವರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬಾರದು. ಹಾರ ಕಟ್ಟುವವರನ್ನು ನಾನು ಏನೂ ಅನ್ನುವುದಿಲ್ಲ. ಒಂದೊಂದೇ ಏಲಕ್ಕಿ ಪೋಣಿಸಿ, ನಡುವೆ ಬಣ್ಣದ ದಾರದ ಹೂ ಕೂರಿಸಿ ಅವರು ಮಾಡುವ ಕೆಲಸಕ್ಕೆ ದೊಡ್ಡ ತಾಳ್ಮೆ ಬೇಕು. ನನ್ನ ಸಿಟ್ಟೆಲ್ಲ ಆ ಹಾರವನ್ನು ಯಾರ ಕೊರಳಿಗೆ, ಯಾವ ಹೊತ್ತಿನಲ್ಲಿ, ಯಾವ ಕೆಲಸವನ್ನು ಬದಿಗೊತ್ತಿ ಹಾಕುತ್ತಾರೆ ಅನ್ನುವುದರ ಮೇಲೆ. ಅಂಥ ಒಂದು ಹಾರ ನನ್ನ ಒಂದು ವರ್ಷದ ದುಡಿಮೆಯನ್ನು ಒಂದು ಮುಂಜಾನೆಯಲ್ಲಿ ನುಂಗಿ ಹಾಕಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗೆ.

ನಮ್ಮದು ಬ್ಯಾಡಗಿ. ಅಪ್ಪನದು ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ನಮ್ಮ ಮನೆಯ ದೇವರ ಕೋಣೆಯಲ್ಲಿ ಕೂಡ ಊದಿನಕಡ್ಡಿಗಿಂತ ಮೆಣಸಿನಕಾಯಿಯ ಘಾಟೇ ಹೆಚ್ಚು. ಹೊಸ ನೆಂಟರು ಬಂದರೆ ಹೊಸ್ತಿಲಲ್ಲೇ ಸೀನುತ್ತಿದ್ದರು, ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಮನೆಯಲ್ಲಿ ಯಾರೋ ಮೊಸರಿನ ಪಾತ್ರೆ ಬಳಿದು ಉಂಡು ಹೆಪ್ಪಿಗೂ ಉಳಿಸದೆ ಎದ್ದುಹೋದಾಗ ಅವ್ವ ನೆರೆಮನೆಗೆ ಹೆಪ್ಪು ಕೇಳಲು ಹೋಗುತ್ತಿರಲಿಲ್ಲ. ಒಣ ಮೆಣಸಿನಕಾಯಿಯ ತೊಟ್ಟು ಒಂದಿಷ್ಟು ಮುರಿದು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿಡುತ್ತಿದ್ದಳು. ಮೊದಲ ಸಲದ ಮೊಸರು ತೆಳ್ಳಗೆ, ಸ್ವಲ್ಪ ಲೋಳೆಲೋಳೆ. ಅದನ್ನೇ ಹೆಪ್ಪು ಮಾಡಿ ಮತ್ತೆ ಹಾಲಿಗೆ ಹಾಕಿದರೆ ಚಾಕುವಿನಲ್ಲಿ ಕೊಯ್ಯುವಂಥ ಗಟ್ಟಿ ಮೊಸರು. ಬ್ಯಾಡಗಿಯಲ್ಲಿ ಇದು ಯಾರಿಗೂ ಹೊಸತಲ್ಲ. ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಆ ತೊಟ್ಟಿನ ಮೇಲೆ ಕೂತಿರುತ್ತವೆ, ಅಷ್ಟೇ.

ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ ಮೇಲೆ ಈ ತೊಟ್ಟು ನನ್ನ ತಲೆಯನ್ನು ಕೊರೆಯತೊಡಗಿತು. ಬ್ಯಾಡಗಿಯ ಸುತ್ತಲಿನ ಕಣಗಳಲ್ಲಿ ಮೆಣಸಿನಕಾಯಿಯನ್ನು ಬರಿ ನೆಲದ ಮೇಲೆ ಹರವಿ ಒಣಗಿಸುತ್ತಾರೆ. ಮಧ್ಯಾಹ್ನ ಆ ನೆಲದ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಕಾಯಿ ಕಂದಿ ಸುಕ್ಕಾಗಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವವರೆಗೆ ಆ ಬಿಸಿಲಿನಲ್ಲೇ ಬಿದ್ದಿರುತ್ತದೆ. ಅಷ್ಟು ಬಿಸಿಲು ತಿಂದ ತೊಟ್ಟಿನ ಮೇಲಿನ ಬ್ಯಾಕ್ಟೀರಿಯಾ ಸಾಯದೆ ಉಳಿದು, ಅವ್ವನ ಹಾಲಿಗೆ ಬಿದ್ದ ತಕ್ಷಣ ಕೆಲಸಕ್ಕೆ ಹತ್ತುವುದು ಹೇಗೆ? ಇದನ್ನು ನಾನು ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ಅವರೇ ನನ್ನ ಪ್ರಾಜೆಕ್ಟಿನ ಗೈಡ್ ಕೂಡ ಆಗಿದ್ದರು.

ಅವರ ಬಗ್ಗೆ ಒಂದು ಮಾತು ಖರೇ ಹೇಳಬೇಕು. ಅವರು ಒಳ್ಳೆಯ ಮಾಸ್ತರು. ದಿನಾ ಹಾವೇರಿಯಿಂದ ಬರುತ್ತಿದ್ದರು, ಒಂದು ದಿನವೂ ತರಗತಿ ತಪ್ಪಿಸಿದವರಲ್ಲ. ಹಲಗೆಯ ಮೇಲೆ ಅವರು ಚಿತ್ರ ಬಿಡಿಸಿದರೆ ಅಳಿಸಲು ಮನಸ್ಸು ಬರುತ್ತಿರಲಿಲ್ಲ. ಬಿಸಿಲು ತಿಂದ ಬ್ಯಾಕ್ಟೀರಿಯಾ ಬದುಕುವ ಬಗೆಯನ್ನು ನನಗೆ ಅರ್ಥವಾಗುವ ಹಾಗೆ ಹೇಳಿದವರು ಅವರೇ. ಅದಕ್ಕೇ ನನ್ನ ಹೊಟ್ಟೆ ಇಷ್ಟು ಉರಿಯುವುದು. ತಿಳಿಯದವರು ಮಾಡಿದ್ದರೆ ಕೋಣನ ಮುಂದೆ ಕಿನ್ನರಿ ಬಾರಿಸಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಅವರು ಹೇಳಿದ್ದು ಇಷ್ಟು. ಪ್ರೋಟೀನ್ ಹುಟ್ಟುವಾಗ ಒಂದು ಉದ್ದನೆಯ ಎಳೆ. ಅದು ಸರಿಯಾಗಿ ಮಡಚಿಕೊಂಡು ತನ್ನ ಆಕಾರಕ್ಕೆ ಬಂದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚುತ್ತದೆ, ಒಳಗೆ ಅಡಗಿದ್ದ ಅಂಟು ಭಾಗಗಳು ಹೊರಬೀಳುತ್ತವೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹುಳಿ ತಾಗಿದ ಹಾಲನ್ನು ಒಲೆಗೇರಿಸಿದರೆ ಒಡೆದು ಗಡ್ಡೆಯಾಗುತ್ತದಲ್ಲ, ಹಾಗೆ. ಇದನ್ನು ತಡೆಯಲೆಂದೇ ಬ್ಯಾಕ್ಟೀರಿಯಾದೊಳಗೆ ಬೇರೆ ಪ್ರೋಟೀನುಗಳಿವೆ, ಅವಕ್ಕೆ ಶಾಪೆರೋನ್ ಎಂದು ಹೆಸರು. ಕೆಲವು ಶಾಪೆರೋನ್‌ಗಳು ಬಿಚ್ಚಿದ ಎಳೆಯನ್ನು ಹಿಡಿದುಕೊಂಡು, ಅದು ಇನ್ನೊಂದಕ್ಕೆ ಅಂಟದಂತೆ ಕಾಯುತ್ತವೆ. ಇನ್ನೊಂದು ಬಗೆಯದು ಮುಚ್ಚಳವಿರುವ ಡಬ್ಬಿಯ ಹಾಗಿದೆ. ಎಳೆಯನ್ನು ಒಳಗೆ ಬಿಟ್ಟುಕೊಂಡು, ಮುಚ್ಚಳ ಹಾಕಿ, ಯಾರ ಕಾಟವೂ ಇಲ್ಲದೆ ಮಡಚಿಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟು ಆಮೇಲೆ ಹೊರಗೆ ಬಿಡುತ್ತದೆ. ಸರಿಯಾಗಲಿಲ್ಲವೋ, ಮತ್ತೆ ಒಳಗೆ. ಎಷ್ಟು ಮಾಡಿದರೂ ಸರಿಯಾಗದವನ್ನು ಕತ್ತರಿಸಿ ತುಂಡು ಮಾಡುವ ಪ್ರೋಟೀನುಗಳೂ ಇವೆ, ಆ ತುಂಡುಗಳು ಹೊಸದನ್ನು ಕಟ್ಟಲು ಬರುತ್ತವೆ. ಕಣ್ಣಿಗೆ ಕಾಣದ ಒಂದು ಜೀವಿಯೊಳಗೆ ಇಷ್ಟು ಅಚ್ಚುಕಟ್ಟು ನಡೆಯುತ್ತದೆ ಎಂದು ಕೇಳಿ ನಾನು ಆವತ್ತು ಮಧ್ಯಾಹ್ನದ ಬುತ್ತಿ ಬಿಚ್ಚುವುದನ್ನೇ ಮರೆತಿದ್ದೆ.

ಶಾಪೆರೋನ್ ಪದದ ಅರ್ಥ ಹೇಳುವಾಗ ಅವರು, "ಹಿಂದಿನ ಕಾಲದಾಗ ವಿಲಾಯತಿಯೊಳಗ ಹರೇದ ಹುಡುಗ್ಯಾರ ಸಂಗಾಟ ಹೋಗಿ, ಅವ್ರು ಕೆಡದಂಗ ನೋಡ್ಕೊಳ್ಳೋ ಹಿರಿ ಹೆಣಮಗಳಿಗೆ ಹಂಗಂತಿದ್ರು," ಅಂದರು. ಹುಡುಗರು ನಮ್ಮ ಬೆಂಚಿನ ಕಡೆ ತಿರುಗಿ ನಕ್ಕರು.

"ಕೆಡೋರು ಬರೀ ಹುಡುಗ್ಯಾರ ಏನ್ರಿ ಸರ್?" ಎಂದು ನಾನು ಕೇಳಿದೆ.

ಅವರೂ ನಕ್ಕು, "ನೀ ಕುಂದ್ರವಾ, ನಿನ್ನ ಸಂಗಾಟ ಹೋಗಾಕ ಯಾ ಹಿರಿ ಹೆಣಮಗಳೂ ತಯಾರಾಗೂದಿಲ್ಲ," ಅಂದರು. ಆಗ ನಾನೂ ನಕ್ಕಿದ್ದೆ. ಆಗ ನಗಲು ಅಡ್ಡಿಯಿರಲಿಲ್ಲ.

ಪ್ರಾಜೆಕ್ಟಿನ ಮೂಲ ಆಲೋಚನೆ ಕಣದಲ್ಲೇ ಸಿಕ್ಕಿತು. ಕಣದ ಮೇಲೆ ಮಧ್ಯಾಹ್ನದ ಬಿಸಿಲು ಒಮ್ಮೆಲೇ ಬೀಳುವುದಿಲ್ಲ. ಮೊದಲು ಎಳೆಬಿಸಿಲು, ಆಮೇಲೆ ಚುರುಚುರು, ಆಮೇಲೆ ಬೆಂಕಿ. ಎಳೆಬಿಸಿಲಿಗೆ ಬ್ಯಾಕ್ಟೀರಿಯಾದ ಒಂದಿಷ್ಟು ಪ್ರೋಟೀನು ಮಡಿಕೆ ಬಿಚ್ಚುತ್ತದೆ. ಅದು ಗೊತ್ತಾದ ಕೂಡಲೆ ಜೀವಕೋಶ ಉಳಿದ ಕೆಲಸ ತಗ್ಗಿಸಿ ಶಾಪೆರೋನ್‌ಗಳನ್ನು ರಾಶಿ ರಾಶಿ ತಯಾರಿಸತೊಡಗುತ್ತದೆ. ಬೆಂಕಿ ಬೀಳುವ ಹೊತ್ತಿಗೆ ಅವು ಸಿದ್ಧವಾಗಿರುತ್ತವೆ. ಎಳೆಬಿಸಿಲನ್ನು ಕೊಡದೆ ನೇರವಾಗಿ ಬೆಂಕಿಗೆ ಹಾಕಿದರೆ ಅದೇ ಬ್ಯಾಕ್ಟೀರಿಯಾ ಸಾಯಬೇಕು. ನಾನು ತೋರಿಸಬೇಕಾದದ್ದು ಇದನ್ನೇ.

ತೊಟ್ಟಿನ ಮೊಸರಿನಿಂದ ಒಂದೇ ಬಗೆಯ ಬ್ಯಾಕ್ಟೀರಿಯಾ ಬೇರ್ಪಡಿಸಿ ಬೆಳೆಸಿದೆ. ಅದನ್ನು ಎರಡು ಕೊಳವೆಗೆ ಹಂಚುವುದು. ಒಂದನ್ನು ನಲವತ್ತೆರಡು ಡಿಗ್ರಿಯ ನೀರಿನಲ್ಲಿ ಅರ್ಧ ತಾಸು ಇಟ್ಟು, ಆಮೇಲೆ ಐವತ್ತೆರಡಕ್ಕೆ ಹಾಕುವುದು. ಇನ್ನೊಂದನ್ನು ಸೀದಾ ಐವತ್ತೆರಡಕ್ಕೆ. ಕೊನೆಗೆ ಎರಡರಿಂದಲೂ ಒಂದೊಂದು ಹನಿ ಕುದಿಸಿ ಆರಿಸಿದ ಹಾಲಿಗೆ ಬಿಟ್ಟು ಮಾರನೆಯ ದಿನ ನೋಡುವುದು. ಮೊದಲು ಬೆಚ್ಚಗಾಗಿದ್ದದ್ದು ಹಾಲನ್ನು ಮೊಸರು ಮಾಡಿರುತ್ತಿತ್ತು, ಇನ್ನೊಂದು ಹಾಲು ಹಾಲಾಗಿಯೇ ಇರುತ್ತಿತ್ತು. ಗಾಜಿನ ತಟ್ಟೆಗಳ ಮೇಲೆ ಬೆಳೆಸಿ, ಬದುಕಿ ಉಳಿದವು ಮೂಡಿಸಿದ ಚುಕ್ಕೆಗಳನ್ನು ಎಣಿಸಿದರೂ ಅದೇ ಮಾತು. ಪ್ರಶ್ನೆ ಇನ್ನೊಂದಿತ್ತು: ಆ ಅರ್ಧ ತಾಸಿನಲ್ಲಿ ಹೊಸ ಪ್ರೋಟೀನು ತಯಾರಾಗುವುದರಿಂದಲೇ ಅವು ಬದುಕುತ್ತವೆ ಎಂಬುದಕ್ಕೆ ಸಾಕ್ಷಿಯೇನು? ಪ್ರೋಟೀನನ್ನೇ ಬೇರ್ಪಡಿಸಿ ತೋರಿಸುವ ಸಾಧನ ನಮ್ಮಲ್ಲಿರಲಿಲ್ಲ. ಆದರೆ ಹೊಸ ಪ್ರೋಟೀನು ತಯಾರಾಗದಂತೆ ತಡೆಯುವ ಮದ್ದು ಔಷಧಿ ಅಂಗಡಿಯಲ್ಲಿತ್ತು, ಕಣ್ಣು ಕೆಂಪಾದರೆ ಹಾಕಿಕೊಳ್ಳುವ ಹನಿಯ ರೂಪದಲ್ಲಿ. ಅದನ್ನು ಬೆರೆಸಿ ಅರ್ಧ ತಾಸು ಬೆಚ್ಚಗಿಟ್ಟು, ಆಮೇಲೆ ತೊಳೆದು ಬಿಸಿಗೆ ಹಾಕಿದೆ. ಬೆಚ್ಚಗಿಟ್ಟಿದ್ದರ ಲಾಭವೆಲ್ಲ ಹೋಯಿತು, ಹಾಲು ಹಾಲಾಗಿಯೇ ಉಳಿಯಿತು. ಮುಖ್ಯಸ್ಥರು ಆ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿ, "ಶಾಣ್ಯಾಕಿ ಅದಿ. ಎಲ್ಲಾ ಆ ಅರ್ಧ ತಾಸಿನಾಗ ಐತಿ ನೋಡು," ಅಂದರು. ಈ ಮಾತು ಅವರದೇ, ನಾನು ಕಟ್ಟಿದ್ದಲ್ಲ.

ವರ್ಷವಿಡೀ ಇದೇ ಕೆಲಸ. ಲೋಡ್ ಶೆಡ್ಡಿಂಗ್ ಕಾಟ ಬೇರೆ. ಕರೆಂಟು ಹೋದರೆ ಕೊಳವೆ ಇಡುವ ಬಿಸಿನೀರಿನ ತೊಟ್ಟಿ ತಣ್ಣಗಾಗುತ್ತಿತ್ತು. ಸ್ಟೋವಿನ ಮೇಲೆ ನೀರು ಕಾಯಿಸಿಕೊಂಡು, ಥರ್ಮಾಮೀಟರ್ ಹಿಡಿದು, ಲೋಟದಿಂದ ಸುರಿಯುತ್ತ ನಲವತ್ತೆರಡು ಕಾಯುತ್ತಿದ್ದೆ. ಅಪ್ಪ ಒಂದು ಷರತ್ತಿನ ಮೇಲೆ ನನ್ನನ್ನು ಓದಿಸುತ್ತಿದ್ದ. ಫಸ್ಟ್ ಕ್ಲಾಸ್ ಬಂದರೆ ಸಂಶೋಧನೆಗೆ ಹೋಗು, ನಾನು ಅಡ್ಡ ಬರುವುದಿಲ್ಲ, ಬರದಿದ್ದರೆ ಓದು ಸಾಕು ಎಂದಿದ್ದ. ಪ್ರಾಜೆಕ್ಟಿನ ಅಂಕಗಳು ಸರಿಯಾಗಿ ಬಿದ್ದರೆ ಫಸ್ಟ್ ಕ್ಲಾಸ್ ಗಟ್ಟಿ ಎಂದು ನನಗೆ ಗೊತ್ತಿತ್ತು.

ಪರೀಕ್ಷೆಗೆ ಹೊರಗಿನಿಂದ ಒಬ್ಬ ಪ್ರಾಧ್ಯಾಪಕರು ಬರುವವರಿದ್ದರು. ಎರಡು ದಿನದ ಪರೀಕ್ಷೆ, ಮೊದಲ ದಿನ ಪ್ರಯೋಗ, ಎರಡನೆಯ ದಿನ ಫಲಿತಾಂಶ ಮತ್ತು ಮೌಖಿಕ. ನಾನು ಬೆಳಗಿನ ಪ್ಯಾಸೆಂಜರ್ ಹಿಡಿದು ಬೇಗನೆ ಬಂದು ನೀರು ಹದ ಮಾಡಿ ಕೊಳವೆಗಳನ್ನು ಸಾಲಾಗಿ ಇಟ್ಟೆ. ಒಂದನ್ನು ಬೆಚ್ಚಗೆ ಮಾಡಲು ಹಾಕಬೇಕು ಅನ್ನುವಷ್ಟರಲ್ಲಿ ಮುಖ್ಯಸ್ಥರು ಬಂದರು. "ಈಗ ಹಾಕಬ್ಯಾಡ. ಸಾಹೇಬ್ರ ಕಣ್ಣ ಮುಂದನ ಶುರು ಮಾಡು, ಇಲ್ಲಾಂದ್ರ ಚಂದ ಕಾಣೂದಿಲ್ಲ," ಅಂದರು. ಅದೂ ಸರಿಯೇ ಅನ್ನಿಸಿತು. ಅವರ ಕೈಯಲ್ಲಿ ಹಾವೇರಿಯಿಂದ ತಂದಿದ್ದ ಏಲಕ್ಕಿ ಹಾರದ ಉದ್ದನೆಯ ಡಬ್ಬಿಯಿತ್ತು. "ನೀ ಲಗೂ ಸೀರಿ ಸರಿ ಮಾಡ್ಕೊಂಡು ಬಾ, ಆರತಿ ತಟ್ಟಿ ನೀನ ಹಿಡೀಬೇಕು."

ಪರೀಕ್ಷೆ ಬರೆಯಲು ಬಂದವಳಿಗೆ ಆರತಿ ತಟ್ಟೆ ಯಾಕೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಹುಡುಗಿ ಇದ್ದಾಳೆ, ಸೀರೆ ಉಟ್ಟಿದ್ದಾಳೆ, ಅಂದಮೇಲೆ ತಟ್ಟೆ ಹಿಡಿಯಬೇಕು. ಹುಡುಗರು ಲ್ಯಾಬಿನಲ್ಲೇ ಕೂತು ತಮ್ಮ ಪ್ರಯೋಗದ ತಯಾರಿ ನೋಡಿಕೊಂಡರು. ನಾನು ಸಭಾಂಗಣದ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತೆ. ಪರೀಕ್ಷಕರು ಬಂದರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಮುಖ್ಯಸ್ಥರು ಪರೀಕ್ಷಕರ ಪರಿಚಯವನ್ನು ಅವರ ಪ್ರಾಥಮಿಕ ಶಾಲೆಯಿಂದ ಶುರು ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಹಾರ ಹಾಕಿದ್ದು ಫೋಟೋದಲ್ಲಿ ಸರಿಯಾಗಿ ಬೀಳಲಿಲ್ಲವೆಂದು ತೆಗೆದು ಮತ್ತೊಮ್ಮೆ ಹಾಕಿದರು. ಆಮೇಲೆ ಮಂಡಕ್ಕಿ, ಮಿರ್ಚಿ, ಚಹಾ. ನನ್ನ ಕಣ್ಣೆಲ್ಲ ಗೋಡೆ ಗಡಿಯಾರದ ಮೇಲೆ. ಅತಿಥಿಗೆ ಮರ್ಯಾದೆ ಮಾಡಬಾರದು ಅನ್ನುವವಳಲ್ಲ ನಾನು, ನಮ್ಮ ಮನೆಗೆ ಬಂದ ಯಾರನ್ನೂ ಅವ್ವ ಉಣ್ಣಿಸದೆ ಕಳಿಸಿದ್ದಿಲ್ಲ. ಆದರೆ ಆ ಮನುಷ್ಯ ನಮ್ಮ ಮನೆಗೆ ಬಂದಿರಲಿಲ್ಲ, ನಮ್ಮ ಕೆಲಸ ನೋಡಲು ಬಂದಿದ್ದರು.

ಅವರು ಲ್ಯಾಬಿಗೆ ಕಾಲಿಡುವ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ. ಖಾನಾವಳಿಗೆ ಮೊದಲೇ ಹೇಳಿಟ್ಟಿದ್ದರು. ಊಟವಾದ ಮೇಲೆ ಸಾಹೇಬರನ್ನು ಕದರಮಂಡಲಗಿಯ ಹನುಮಪ್ಪನ ದರ್ಶನಕ್ಕೆ ಕರೆದೊಯ್ಯಲು ಜೀಪು ಬಂದು ನಿಂತಿತ್ತು. ನಾನು ಒಂದು ಕೊಳವೆಯನ್ನು ನಲವತ್ತೆರಡರ ನೀರಿಗೆ ಇಳಿಸಲು ಹೋದೆ.

"ಅದು ಎಷ್ಟೊತ್ತು?" ಎಂದು ಪರೀಕ್ಷಕರು ಕೇಳಿದರು.

"ಅರ್ಧ ತಾಸು ರೀ ಸರ್. ಆಮ್ಯಾಲ ಇದನ್ನ ಐವತ್ತೆರಡಕ್ಕ..."

ಮುಖ್ಯಸ್ಥರು ನನ್ನ ಮಾತು ಮುಗಿಯಲು ಬಿಡಲಿಲ್ಲ. "ಅಷ್ಟೊತ್ತು ಸಾಹೇಬ್ರು ನಿಂದ್ರಬೇಕೇನು? ರೊಟ್ಟಿ ಆರತಾವ. ಎರಡೂ ಸೀದಾ ಐವತ್ತೆರಡಕ್ಕ ಹಾಕು."

ನಾನು ದಂಗಾಗಿ ಅವರ ಮುಖ ನೋಡಿದೆ. "ಸರ್, ಹಂಗ ಹಾಕಿದ್ರ ಎರಡೂ ಸಾಯ್ತಾವ್ರಿ. ನೀವು ಉಂಡ ಬರ್ರಿ, ಅಷ್ಟರಾಗ ಇದು ಬೆಚ್ಚಗಾಗಿರ್ತೈತಿ."

"ಉಂಡು ದೇವರಿಗೆ ಹೋಗಬೇಕು, ತಿರುಗಿ ಇಲ್ಲಿ ಬರೂದಿಲ್ಲ. ಒಂದ್ ದಿನಕ್ಕ ಏನಾಗ್ತೈತಿ, ಹೋಗಲಿ ಬಿಡವಾ. ನಾ ಅದೇನಿ."

ಈ 'ನಾ ಅದೇನಿ' ಅನ್ನುವ ಮಾತನ್ನು ನಮ್ಮ ಕಡೆ ಎಷ್ಟು ಜನ ನಂಬಿ ಕೆಟ್ಟಿದ್ದಾರೋ ದೇವರೇ ಬಲ್ಲ. ನಾನೂ ನಂಬಿದೆ. ಪರೀಕ್ಷೆಯಲ್ಲಿ ಗೈಡ್ ಹೇಳಿದ ಮಾತನ್ನು ಪರೀಕ್ಷಕರ ಎದುರಿಗೆ ಮೀರುವ ಧೈರ್ಯ ಯಾವ ವಿದ್ಯಾರ್ಥಿಗೂ ಇರುವುದಿಲ್ಲ. ಇಬ್ಬರ ಕಣ್ಣ ಮುಂದೆಯೇ ಎರಡು ಕೊಳವೆಗಳನ್ನೂ ಬಿಸಿಗೆ ಇಳಿಸಿದೆ. ಅವರು ಊಟಕ್ಕೆ ಹೋದರು. ಅವರ ಬೆನ್ನ ಹಿಂದೆ ಬೇರೆ ಕೊಳವೆ ಮಾಡಿಟ್ಟರೆ ಪರೀಕ್ಷೆಯಲ್ಲಿ ಅದು ಮೋಸವಾಗುತ್ತಿತ್ತು. ನಾನು ಒಬ್ಬಳೇ ನಿಂತು ಹೊತ್ತಾದ ಮೇಲೆ ಹನಿಗಳನ್ನು ಹಾಲಿಗೆ ಬಿಟ್ಟು, ಮುಚ್ಚಳ ಹಾಕಿಟ್ಟು ಬಂದೆ.

ಮಾರನೆಯ ಬೆಳಗ್ಗೆ ಎರಡೂ ಕೊಳವೆಗಳಲ್ಲಿ ಹಾಲು ಹಾಲಾಗಿಯೇ ಇತ್ತು. ಓರೆ ಮಾಡಿದರೆ ನೀರಿನ ಹಾಗೆ ಹರಿಯುತ್ತಿತ್ತು. ಹಾಗಾಗದೆ ಹೇಗಾದೀತು?

ಪರೀಕ್ಷಕರು ನನ್ನ ಪ್ರಾಜೆಕ್ಟಿನ ಪುಟಗಳನ್ನು ತಿರುವಿದರು. ಅದರಲ್ಲಿ ವರ್ಷವಿಡೀ ಮಾಡಿದ್ದ ಎಣಿಕೆಗಳಿದ್ದವು. "ಏನಮ್ಮಾ, ಇಲ್ಲಿ ಬರೆದಿರುವುದೇ ಬೇರೆ, ಇಲ್ಲಿ ಕಾಣುತ್ತಿರುವುದೇ ಬೇರೆ. ಈ ಸಂಖ್ಯೆಗಳನ್ನು ಎಲ್ಲಿಂದ ತಂದೆ?"

"ನಿನ್ನೆ ಬೆಚ್ಚಗ ಮಾಡಲಿಲ್ಲರಿ ಸರ್. ಅರ್ಧ ತಾಸು ಬಿಟ್ಟೀವಿ."

"ಬಿಟ್ಟಿದ್ದು ಯಾಕೆ? ಅದು ಮುಖ್ಯ ಅಂತ ಗೊತ್ತಿದ್ದ ಮೇಲೆ?"

ನಾನು ಮುಖ್ಯಸ್ಥರ ಕಡೆ ನೋಡಿದೆ. ಒಂದು ಮಾತು ಸಾಕಿತ್ತು. 'ನಾನೇ ಬೇಡ ಅಂದೆ' ಎಂದರೆ ಮುಗಿಯುತ್ತಿತ್ತು, ಅವರ ಗೌರವದ ಒಂದು ಎಳೆಯೂ ಸಡಿಲವಾಗುತ್ತಿರಲಿಲ್ಲ. ಅವರು ಮೇಲಿನ ಫ್ಯಾನು ನೋಡುತ್ತಿದ್ದರು. ಫ್ಯಾನು ತಿರುಗುತ್ತಿರಲಿಲ್ಲ, ಕರೆಂಟು ಇರಲಿಲ್ಲ. ನೋಡಿ ನೋಡಿ ಕೊನೆಗೆ, "ಅನುಭವ ಕಮ್ಮಿ ಐತ್ರಿ ಸಾಹೇಬ್ರ, ಹುಡುಗಿ ಗಡಿಬಿಡಿ ಮಾಡ್ಯಾಳ," ಅಂದರು.

ಕಣ್ಣಿಗೆ ಹಾಕುವ ಹನಿಯ ವಿಷಯ ಬಂದಾಗ ಪರೀಕ್ಷಕರು ನಕ್ಕರು. "ಬ್ಯಾಕ್ಟೀರಿಯಾಕ್ಕೂ ಕಣ್ಣುಬೇನೆ ಬಂದಿತ್ತೋ?" ಅಂದರು. ಮುಖ್ಯಸ್ಥರೂ ನಕ್ಕರು. ಆ ನಗುವನ್ನು ನಾನು ಸಾಯುವವರೆಗೆ ಕ್ಷಮಿಸುವುದಿಲ್ಲ. ಕಿಟಕಿಯ ಬೆಳಕಿನಲ್ಲಿ ಅದೇ ಕೊಳವೆ ಹಿಡಿದು ಶಾಣ್ಯಾಕಿ ಎಂದ ಬಾಯಿ ಅದು.

ಹೊರಗೆ ವರಾಂಡದಲ್ಲಿ ಅವರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು. "ನೋಡವಾ, ಒಳಗ ಹೋಗಿ ಎಣಿಕಿ ಬರಿಯೂದ್ರಾಗ ತಪ್ಪಾತ್ರಿ ಅನ್ನು. ತಪ್ಪಾತು ಅನ್ನಾಕ ಏನು ರೊಕ್ಕಾ ಖರ್ಚಾಗ್ತೈತೇನು? ಅವ್ರು ಸಮಾಧಾನ ಆಗ್ತಾರ, ಚಲೋ ಮಾರ್ಕ್ಸ್ ಹಾಕಸ್ತೀನಿ."

"ಎಣಿಕಿ ತಪ್ಪಿಲ್ಲಲ್ರೀ ಸರ್. ನೀವ ನೋಡೀರಿ."

"ಖರೇ-ಸುಳ್ಳು ಈಗ ಯಾರು ಕೇಳಾಕತ್ತಾರ? ದೊಡ್ಡವರ ಮುಂದ ಬಗ್ಗಿದ್ರ ಸಣ್ಣವರಾಗೂದಿಲ್ಲ."

ನಮ್ಮ ಕಡೆ ತಪ್ಪಾತು ಅನ್ನುವುದು ನಿಜಕ್ಕೂ ಸುಲಭ. ಬಸ್ಸಿನಲ್ಲಿ ಕಾಲು ತಾಗಿದರೆ ತಪ್ಪಾತು, ಊಟಕ್ಕೆ ಕರೆದಾಗ ಹೋಗದಿದ್ದರೆ ತಪ್ಪಾತು. ನಾನೇ ದಿನಕ್ಕೆ ಹತ್ತು ಸಲ ಅನ್ನುತ್ತೇನೆ. ಆದರೆ ಆವತ್ತು ಆ ಮಾತು ಆಡಿದ್ದರೆ ಅದರ ಅರ್ಥ ಒಂದೇ ಇತ್ತು: ನಾನು ಸಂಖ್ಯೆಗಳನ್ನು ಕೂತಲ್ಲೇ ಹುಟ್ಟಿಸಿದೆ, ಸ್ಟೋವಿನ ಮುಂದೆ ಲೋಟ ಹಿಡಿದು ನಿಂತ ವರ್ಷವೆಲ್ಲ ಸುಳ್ಳು. ನಾನು ಅನ್ನಲಿಲ್ಲ. "ನನಗ ಇನ್ನೊಮ್ಮೆ ಮಾಡಾಕ ಬಿಡ್ರಿ," ಅಂದೆ. ಅವರು ತಲೆ ಕೊಡವಿ ಒಳಗೆ ಹೋದರು.

ಬಿಡಲಿ ಬಿಡದಿರಲಿ, ಉಳಿದವರ ಮೌಖಿಕ ನಡೆಯುತ್ತಿದ್ದಾಗ ನಾನು ಲ್ಯಾಬಿನ ಮೂಲೆಯಲ್ಲಿ ಮತ್ತೆ ಮಾಡಿದೆ. ಕರೆಂಟು ಇಲ್ಲ. ಸ್ಟೋವು ಹಚ್ಚಿ, ನಲವತ್ತೆರಡು ಹಿಡಿದು, ಅರ್ಧ ತಾಸು ಪೂರ್ತಿ ನಿಂತೆ. ಆಮೇಲೆ ಐವತ್ತೆರಡು. ಹಾಲಿಗೆ ಹನಿ ಬಿಟ್ಟೆ. ಆದರೆ ಹಾಲು ಮೊಸರಾಗಲು ತನ್ನ ಹೊತ್ತು ತೆಗೆದುಕೊಳ್ಳುತ್ತದೆ, ಅದಕ್ಕೆ ಯಾವ ಸಾಹೇಬರ ಗಡಿಬಿಡಿಯೂ ಗೊತ್ತಿಲ್ಲ. ಮಧ್ಯಾಹ್ನ ಪರೀಕ್ಷಕರು ಹಾರದ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಹೊರಟರು. ನಾನು ಗೇಟಿನವರೆಗೆ ಹೋಗಿ, ನಾಳೆ ಬೆಳಗ್ಗೆ ಒಂದು ಫೋನು ಮಾಡಿ ಕೇಳ್ತೀರೇನ್ರಿ ಸರ್ ಎಂದು ಕೇಳಿದೆ. "ಇದರಿಂದ ಪಾಠ ಕಲಿ ಅಮ್ಮಾ," ಎಂದು ಅವರು ಜೀಪು ಹತ್ತಿದರು.

ಆವತ್ತು ಸಂಜೆ ಮನೆಯಲ್ಲಿ ಅವ್ವ ಮಾತ್ರ ನನ್ನ ಮಾತನ್ನು ಪೂರ್ತಿ ಕೇಳಿದಳು. ಕೇಳಿ, "ಬೆಚ್ಚಗ ಇಲ್ಲದ ಹಾಲಿಗೆ ಹೆಪ್ಪು ಹಾಕಿ ಮೊಸರಾಗ್ಲಿಲ್ಲಾಂತ ಹೆಪ್ಪಿಗೆ ಬೈದಂಗಾತು," ಅಂದಳು. ಅವಳ ಹೋಲಿಕೆ ಶಾಸ್ತ್ರಕ್ಕೆ ಸರಿಯಾಗಿರಲಿಲ್ಲ, ಆದರೂ ಆ ಸಿಟ್ಟು ನನಗೆ ಬೇಕಾಗಿತ್ತು. ಅಪ್ಪನ ಷರತ್ತು ಅವನಿಗೂ ನೆನಪಿತ್ತು, ನನಗೂ.

ಮರುದಿನ ಮುಂಜಾನೆ ಲ್ಯಾಬಿಗೆ ಹೋದೆ. ಸೀದಾ ಬಿಸಿಗೆ ಹಾಕಿದ್ದ ಕೊಳವೆಯಲ್ಲಿ ಹಾಲು. ಬೆಚ್ಚಗೆ ಮಾಡಿ ಹಾಕಿದ್ದರಲ್ಲಿ ಮೊಸರು, ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಂದನ್ನು ಓರೆ ಮಾಡಿದರು, ಇನ್ನೊಂದನ್ನು ಓರೆ ಮಾಡಿದರು.

"ಚಲೋ ಆಗೇತಿ," ಅಂದರು. "ಆದ್ರ ಮಾರ್ಕ್ಸಿನ ಲಕೋಟೆ ನಿನ್ನೆನ ಸೀಲ್ ಆಗಿ ಹೋತು. ಇನ್ನ ನನಗ ಏನು ಮಾಡಾಕ ಬರ್ತೈತಿ?"

"ನೀವ ಒಂದ್ ಮಾತು ಬರದು ಕಳಸ್ರಿ ಸರ್. ಆ ಅರ್ಧ ತಾಸು ನಾನ ಬಿಡು ಅಂದಿದ್ದೆ ಅಂತ."

ಅವರು ಕೊಳವೆಗಳನ್ನು ನನ್ನ ಕಡೆ ಸರಿಸಿದರು. "ಇಷ್ಟ ವರ್ಷ ಸರ್ವಿಸ್ ಮಾಡೇನಿ. ಹಂಗ ಬರದ್ರ ವಿಭಾಗದ ಹೆಸರು ಏನಾಗ್ತೈತಿ, ನೀನ ಹೇಳು."

ಒಂದು ಬ್ಯಾಕ್ಟೀರಿಯಾ, ಮಡಿಕೆ ಬಿಚ್ಚಿಹೋದ ತನ್ನ ಪ್ರೋಟೀನನ್ನು ಕತ್ತರಿಸುವ ಮೊದಲು ಹಿಡಿದು ನೋಡುತ್ತದೆ, ಇನ್ನೊಂದು ಅವಕಾಶ ಕೊಡುತ್ತದೆ, ಆಗಲಿಲ್ಲ ಅಂದರೆ ಮತ್ತೂ ಒಂದು ಕೊಡುತ್ತದೆ. ಇದನ್ನು ನನಗೆ ಹಲಗೆಯ ಮೇಲೆ ಬಿಡಿಸಿ ಕಲಿಸಿದ ಮನುಷ್ಯ, ಸರಿಯಾಗಿಯೇ ಇದ್ದ ನನ್ನನ್ನು ಒಂದೇ ಏಟಿಗೆ ಕತ್ತರಿಸಿ ಹಾಕಿದ. ನಾನು ಪಾಸಾದೆ, ಪಾಸಾಗಲು ಬೇಕಾದಷ್ಟೇ ಅಂಕ. ಫಸ್ಟ್ ಕ್ಲಾಸ್ ಬರಲಿಲ್ಲ, ಸಂಶೋಧನೆಯ ಬಾಗಿಲು ಅಲ್ಲಿಗೇ ಮುಚ್ಚಿತು. ಅಪ್ಪ ಮಾತಿಗೆ ಗಟ್ಟಿ. ಕಾಡಿ ಬೇಡಿ ದಾವಣಗೆರೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಹೋಗಲು ಮಾತ್ರ ಒಪ್ಪಿಸಿದೆ. ರೈಲಿನ ಪಾಸ್ ಮಾಡಿಸಿಕೊಂಡು ದಿನಾ ಅದೇ ಪ್ಯಾಸೆಂಜರಿನಲ್ಲಿ ರಾಣೆಬೆನ್ನೂರು ದಾಟಿ ಹೋಗುತ್ತಿದ್ದೆ. ಆ ಸ್ಟೇಷನ್ ಬಂದಾಗ ಕಿಟಕಿಯ ಆಚೆಗೆ ನೋಡುತ್ತಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ಬ್ಯಾಡಗಿ ಸ್ಟೇಷನ್ನಿನಲ್ಲಿ ಒಬ್ಬ ಹುಡುಗಿ ಹತ್ತಿ ನನ್ನ ಎದುರಿಗೆ ಕೂತಳು. ಅವಳ ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಮೆಣಸಿನಕಾಯಿಯ ತೊಟ್ಟು, ಬರೀ ತೊಟ್ಟು. ನೋಡಿ ಸುಮ್ಮನಿರಲಾಗಲಿಲ್ಲ.

"ಇದನ್ನ ತೊಗೊಂಡು ಏನ್ ಮಾಡ್ತೀಯವಾ?"

"ಪ್ರಾಕ್ಟಿಕಲ್ ಐತ್ರಿ ಅಕ್ಕಾರ. ಊರು ಬ್ಯಾಡಗಿ ಅಂತ ನನಗ ತರಾಕ ಹೇಳ್ಯಾರ." ಎಂ.ಎಸ್ಸಿ. ಮಾಡುತ್ತಿದ್ದಳು, ಅದೇ ಕಾಲೇಜು, ಅದೇ ವಿಭಾಗ. ನಾನು ಕೇಳುತ್ತ ಹೋದೆ, ಅವಳು ಉತ್ಸಾಹದಿಂದ ಹೇಳುತ್ತ ಹೋದಳು. ತೊಟ್ಟಿನ ಬ್ಯಾಕ್ಟೀರಿಯಾ, ಎರಡು ಕೊಳವೆ, ನಲವತ್ತೆರಡು, ಐವತ್ತೆರಡು, ಹಾಲು, ಕಣ್ಣಿನ ಹನಿ ಕೂಡ. ವಿಭಾಗ ನೋಡಲು ಹೊರಗಿನವರು ಯಾರು ಬಂದರೂ ಮುಖ್ಯಸ್ಥರು ಇದನ್ನೇ ಮಾಡಿ ತೋರಿಸುತ್ತಾರಂತೆ, ಎಲ್ಲರೂ ಬಹಳ ಹೊಗಳುತ್ತಾರಂತೆ. ಸುಳ್ಳು ಎಂದು ಬಿಸಾಕಿದ್ದ ನನ್ನ ಕೆಲಸ ಅಲ್ಲಿ ಪಾಠವಾಗಿತ್ತು, ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ನನಗೆ ಅಳು ಬರಬೇಕಿತ್ತೋ ನಗು ಬರಬೇಕಿತ್ತೋ ತಿಳಿಯಲಿಲ್ಲ. ಒಂದು ಗಳಿಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

"ಆದ್ರ ಭಾಳ ಹುಷಾರಿರಬೇಕ್ರಿ," ಎಂದು ಹುಡುಗಿ ಮುಂದುವರಿಸಿದಳು. "ಅರ್ಧ ತಾಸು ಬೆಚ್ಚಗಿಡೂದನ್ನ ಬಿಟ್ರ ಎಲ್ಲಾ ಕೆಡತೈತಿ. ಹಿಂದ ಒಬ್ಬಾಕಿ ಹುಡುಗಿ ಇದ್ಲಂತ್ರಿ. ಪರೀಕ್ಷಾ ದಿನ ಗಡಿಬಿಡಿ ಮಾಡಿ ಸೀದಾ ಬಿಸಿಗೆ ಹಾಕಿದ್ಲಂತ. ಸರ್ ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲಂತ. ಮಾರ್ಕ್ಸೂ ಹೋತು, ಮುಂದ ಓದೂದೂ ಹೋತು. ಹಂಗ ಮಾಡಬ್ಯಾಡ್ರಿ ಅಂತ ಸರ್ ವರ್ಷಾ ಎಲ್ಲಾರ್ಗೂ ಹೇಳತಾರ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಬರೆ ಹಾಕಿದ ಮೇಲೆ, ಈ ಎಮ್ಮೆ ತಾನೇ ಹೋಗಿ ಸುಟ್ಟುಕೊಂಡಿತು ಎಂದು ವರ್ಷವರ್ಷ ಮಕ್ಕಳಿಗೆ ಪಾಠ ಹೇಳುವವರನ್ನು ಕೇಳಿರಲಿಲ್ಲ. ಅಂಕ ಹೋದದ್ದನ್ನು ನಾನು ಹೇಗೋ ನುಂಗಿಕೊಂಡಿದ್ದೆ, ಇದು ಗಂಟಲಲ್ಲಿ ಇಳಿಯಲಿಲ್ಲ.

"ಆ ಹುಡುಗಿ ನಾನ," ಅಂದೆ.

ಅವಳು ಬಾಯಿ ತೆರೆದುಕೊಂಡು ನನ್ನನ್ನು ನೋಡಿದಳು.

"ಬ್ಯಾಡ ಅಂದಾಕಿ ನಾನು. ಹಾಕು ಅಂದವರು ನಿಮ್ಮ ಸರ್. ಇವತ್ತ ಕ್ಲಾಸಿನಾಗ ಎದ್ದು ನಿಂತು ಕೇಳು, ಆವತ್ತ ಸೀದಾ ಹಾಕು ಅಂದವರು ಯಾರ್ರೀ ಸರ್ ಅಂತ."

ಹುಡುಗಿ ತೊಟ್ಟಿನ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. "ನಾ ಕೇಳಿದ್ರ, ನನ್ನ ಮಾರ್ಕ್ಸ್ ಯಾರ ಕೈಯಾಗ ಅದಾವ್ರಿ ಅಕ್ಕಾರ?" ಅಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಸಿಟ್ಟಿನ ಬೆಲೆಯನ್ನು ಇವಳು ಕೊಡಲಿ ಎಂದು ನಾನು ಕೇಳಿಬಿಟ್ಟಿದ್ದೆ, ಅದೂ ಅದೇ ಮನುಷ್ಯನ ಕೈಯಲ್ಲಿ. ದೇವರಗುಡ್ಡ ಸ್ಟೇಷನ್ ದಾಟಿತು. ರೈಲಿನಲ್ಲಿ ಶೇಂಗಾ ಮಾರುವವನು ಬಂದು ಹೋದ.

"ನೀ ಏನೂ ಕೇಳಬ್ಯಾಡವಾ," ಅಂದೆ. "ಇವತ್ತ ಪ್ರಾಕ್ಟಿಕಲ್ ಎಷ್ಟೊತ್ತಿಗೆ ಐತಿ?"

"ಹೋದ ಕೂಡ್ಲೇ ಐತ್ರಿ. ಎಲ್ಲಾರೂ ಇರ್ತಾರ."

ನನ್ನ ಪಾಸು ದಾವಣಗೆರೆಯವರೆಗಿತ್ತು. ರಾಣೆಬೆನ್ನೂರು ಬಂತು, ಹುಡುಗಿ ಚೀಲ ಎತ್ತಿಕೊಂಡು ಇಳಿದಳು. ಅವಳ ಹಿಂದೆ ನಾನೂ ಇಳಿದೆ.